ಕೂಪನ್ ಯಾರ ಕೈಯಲ್ಲಿದೆ?

2008ರ ಮೇ ತಿಂಗಳ ಕೊನೆಯ ಎಂಟು ದಿನಗಳು ಬೆಂಗಳೂರಿನ ವಿಮಾನ ಪ್ರಯಾಣಿಕರಿಗೆ ಒಂದು ಥರದ ಸಂಧಿಕಾಲ. ಮೇ 24ರಂದು ದೇವನಹಳ್ಳಿಯ ಹೊಸ ನಿಲ್ದಾಣ ಶುರುವಾಯಿತು. ಹಳೆಯ ಎಚ್‌ಎಎಲ್ ನಿಲ್ದಾಣದಲ್ಲಿ ಟ್ರಾಲಿಗಳ ಸದ್ದು ನಿಂತಿತು. ಮೇ 31ಕ್ಕೆ ಇನ್ನೊಂದು ಯುಗ ಮುಗಿಯಿತು: ಜಗತ್ತಿನ ವಿಮಾನ ಕಂಪನಿಗಳ ಒಕ್ಕೂಟವಾದ ಐಎಟಿಎ, ಏಜೆಂಟರು ಕಾಗದದ ಟಿಕೆಟ್ ಬರೆದುಕೊಡಲು ಇಟ್ಟಿದ್ದ ಕಡೆಯ ಗಡುವು ಅದು. ಜೂನ್ 1ರಿಂದ ಎಲ್ಲವೂ ಇ-ಟಿಕೆಟ್. ಹೊಸ ನಿಲ್ದಾಣವೂ ಹೊಸದಾಗಿ ಬರೆದ ಕಾಗದದ ಟಿಕೆಟ್ಟೂ ಒಂದನ್ನೊಂದು ಕಂಡದ್ದು ಆ ಎಂಟೇ ದಿನ.

ಆರ್.ಟಿ. ನಗರದವರಾದ ನಮಗೆ ಎರಡೂ ಬದಲಾವಣೆ ಮನೆ ಬಾಗಿಲಲ್ಲೇ ಆದ ಹಾಗಾಯಿತು. ಅಲ್ಲಿಯತನಕ ಏರ್‌ಪೋರ್ಟ್ ಎಂದರೆ ಊರೊಳಗೆ ನುಗ್ಗಿ ಆಚೆ ತುದಿಗೆ ಹೋಗಬೇಕಿತ್ತು. ಆಮೇಲೆ ಮೇಖ್ರಿ ಸರ್ಕಲ್‌ನಿಂದ ಹೆಬ್ಬಾಳದ ಫ್ಲೈಓವರ್ ಹತ್ತಿದರೆ ಬಳ್ಳಾರಿ ರಸ್ತೆ ನೆಟ್ಟಗೆ ಉತ್ತರಕ್ಕೆ. ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳು ನಮ್ಮ ಬಡಾವಣೆಯಲ್ಲಿ ಬೇಕಾದಷ್ಟಿವೆ. ಹಾಗಾಗಿ ಟ್ರಾವೆಲ್ಸ್ ಅಂಗಡಿಗಳೂ ಇದ್ದವು. 2008ರ ನಂತರ ಅವು ಕೊಡುತ್ತಿದ್ದ ವಸ್ತು ಬದಲಾಯಿತು. ಕೈಗೆ ಬರುತ್ತಿದ್ದ ಕೆಂಪಕ್ಷರದ ಉದ್ದನೆಯ ಪುಸ್ತಕದ ಜಾಗದಲ್ಲಿ ಒಂದು ಎ4 ಹಾಳೆ ಬಂತು. ಅದನ್ನು ಕಂಡು ನಮ್ಮಮ್ಮ ಕೇಳಿದ್ದು ಒಂದೇ ಮಾತು: “ಇದು ಕಳೆದುಹೋದ್ರೆ?”

“ಇನ್ನೊಂದು ಪ್ರಿಂಟ್ ತೆಗೀಬಹುದಮ್ಮ.”

“ಹಾಗಾದ್ರೆ ಇದು ಟಿಕೆಟ್ ಅಲ್ಲ ಬಿಡು.”

ವಿಮಾನಯಾನದ ಎಂಜಿನಿಯರುಗಳು ಹತ್ತು ಹದಿನೈದು ವರ್ಷ ತಲೆ ಕೆಡಿಸಿಕೊಂಡ ಪ್ರಶ್ನೆಯನ್ನು ಅಮ್ಮ ಹೆಚ್ಚುಕಡಿಮೆ ಒಂದೇ ವಾಕ್ಯದಲ್ಲಿ ಹೇಳಿಬಿಟ್ಟಿದ್ದಳು.

ಕೆಂಪು ಕಾರ್ಬನ್ನಿನ ಪುಸ್ತಕ

ಹಳೆಯ ಟಿಕೆಟ್ ಕೈಯಲ್ಲಿ ಹಿಡಿದವರಿಗೆ ಮೊದಲು ನೆನಪಾಗುವುದು ಬೆರಳಿಗೆ ಹತ್ತುತ್ತಿದ್ದ ಕೆಂಪು ಮಸಿ. ಒಂದರ ಕೆಳಗೊಂದು ತೆಳು ಹಾಳೆ, ಪ್ರತಿ ಹಾಳೆಯ ಬೆನ್ನಿಗೂ ಕಾರ್ಬನ್ನಿನ ಲೇಪ. ಮೇಲಿನದರಲ್ಲಿ ಒತ್ತಿ ಬರೆದರೆ ಕಡೆಯದರ ತನಕ ಮೂಡಬೇಕು. ಒಂದು ಹಾಳೆ ಲೆಕ್ಕಪರಿಶೋಧನೆಗೆ, ಒಂದು ಏಜೆಂಟನಿಗೆ, ಒಂದು ಪ್ರಯಾಣಿಕನಿಗೆ. ಇವುಗಳ ನಡುವೆ ಇರುತ್ತಿದ್ದವು ನಿಜವಾದ ಸರಕು, ಅಂದರೆ ಹಾರಾಟದ ಕೂಪನ್‌ಗಳು. ಒಂದು ಪುಸ್ತಕದಲ್ಲಿ ಹೆಚ್ಚೆಂದರೆ ನಾಲ್ಕು. ಒಂದೊಂದು ವಿಮಾನಕ್ಕೆ ಒಂದೊಂದು.

ಏಜೆಂಟನ ಬೀರುವಿನಲ್ಲಿದ್ದ ಖಾಲಿ ಪುಸ್ತಕಗಳ ಮೇಲೆ ಯಾವ ಕಂಪನಿಯ ಹೆಸರೂ ಇರುತ್ತಿರಲಿಲ್ಲ. ಪ್ರತಿ ಕಂಪನಿಯೂ ಏಜೆಂಟನಿಗೆ ಒಂದು ಲೋಹದ ತಗಡು ಕೊಟ್ಟಿರುತ್ತಿತ್ತು. ಪುಸ್ತಕವನ್ನೂ ತಗಡನ್ನೂ ಪುಟ್ಟ ಯಂತ್ರದಲ್ಲಿಟ್ಟು ಹಿಡಿ ಎಳೆದರೆ ಹೆಸರು ಅಚ್ಚಾಗಿ, ಖಾಲಿ ಕಾಗದ ಆ ಕಂಪನಿಯ ಟಿಕೆಟ್ ಆಗುತ್ತಿತ್ತು. ಸಹಿ ಮಾಡಿದ ಖಾಲಿ ಚೆಕ್ಕಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಅದಕ್ಕೇ ಟಿಕೆಟ್ ಪುಸ್ತಕಗಳನ್ನು ದುಡ್ಡಿನ ಹಾಗೆ ಬೀಗ ಹಾಕಿ ಇಡುತ್ತಿದ್ದರು, ಕಳುವಾದರೆ ನಂಬರ್ ಸಮೇತ ದೂರು ಕೊಡುತ್ತಿದ್ದರು.

ಇಂಥ ಪುಸ್ತಕ ಹಿಡಿದು ಬೆಂಗಳೂರಿನಿಂದ ಮುಂಬೈಗೆ ಒಂದು ಕಂಪನಿಯಲ್ಲಿ, ಮುಂಬೈಯಿಂದ ಲಂಡನ್ನಿಗೆ ಇನ್ನೊಂದರಲ್ಲಿ, ಅಲ್ಲಿಂದಾಚೆಗೆ ಮೂರನೆಯದರಲ್ಲಿ ಹೋಗಬಹುದಿತ್ತು. ಒಂದೊಂದು ನಿಲ್ದಾಣದಲ್ಲೂ ಒಂದೊಂದು ಕೂಪನ್ ಹರಿದುಕೊಳ್ಳುವರು. ಆ ಕೂಪನ್ನೇ ಕಂಪನಿಗೆ ರಶೀದಿ, ಹುಂಡಿ, ಹಕ್ಕುಪತ್ರ ಎಲ್ಲವೂ. ಟಿಕೆಟ್ ಮಾರಿದವರು ಯಾರೇ ಆಗಿರಲಿ, “ನಿಮ್ಮ ಪ್ರಯಾಣಿಕರನ್ನು ನಾವು ಹಾರಿಸಿದ್ದೇವೆ, ಇಗೋ ಚೀಟಿ, ನಮ್ಮ ಪಾಲು ಕೊಡಿ” ಎಂದು ಕೇಳಲು ಅದೇ ಪುರಾವೆ. ಈ ಲೇವಾದೇವಿ ಚುಕ್ತಾ ಮಾಡಲೆಂದೇ ಐಎಟಿಎ 1947ರಲ್ಲಿ ಲಂಡನ್ನಿನಲ್ಲಿ ಕ್ಲಿಯರಿಂಗ್ ಹೌಸ್ ತೆರೆಯಿತು. ಯಾರು ಯಾರಿಗೆ ಎಷ್ಟು ಕೊಡಬೇಕೆಂಬುದನ್ನು ಅಲ್ಲಿ ಒಟ್ಟು ಹಾಕಿ, ಉಳಿದ ವ್ಯತ್ಯಾಸವನ್ನಷ್ಟೇ ಕೈ ಬದಲಾಯಿಸುವುದು. ಮಂಡಿ ವ್ಯಾಪಾರದವರಿಗೆ ಗೊತ್ತಿರುವ ಪದ್ಧತಿಯೇ.

ಕಾಗದಕ್ಕೆ ಕಾನೂನಿನ ಬಲವೂ ಇತ್ತು. 1929ರ ವಾರ್ಸಾ ಒಪ್ಪಂದದ ಪ್ರಕಾರ, ಟಿಕೆಟ್ ಕೊಡದೆ ಪ್ರಯಾಣಿಕನನ್ನು ಹತ್ತಿಸಿಕೊಂಡ ಕಂಪನಿಗೆ ಅಪಘಾತದ ಪರಿಹಾರಕ್ಕಿದ್ದ ಮಿತಿಯ ರಕ್ಷಣೆ ಸಿಗುತ್ತಿರಲಿಲ್ಲ. ವಿವರ ಉಳಿಯುವಂತಿದ್ದರೆ ಬೇರೆ ಯಾವ ವಿಧಾನವೂ ಸಾಕು ಎಂದು ಒಪ್ಪಿಕೊಂಡದ್ದು 1999ರ ಮಾಂಟ್ರಿಯಲ್ ಒಪ್ಪಂದ. ಭಾರತದಲ್ಲಿ ಅದು ಜಾರಿಯಾದದ್ದು 2009ರ ಜೂನ್ 30ಕ್ಕೆ. ಆ ಹೊತ್ತಿಗೆ ಕಾಗದದ ಗಡುವು ಮುಗಿದು ಒಂದು ವರ್ಷ ಕಳೆದಿತ್ತು.

ಆದರೆ ಕಾಗದದ ದೊಡ್ಡ ಗುಣ ಕಾನೂನಿನಿಂದ ಬಂದದ್ದಲ್ಲ, ಭೌತವಿಜ್ಞಾನದಿಂದ ಬಂದದ್ದು. ಒಂದು ವಸ್ತು ಒಂದು ಹೊತ್ತಿಗೆ ಒಂದೇ ಜಾಗದಲ್ಲಿರಲು ಸಾಧ್ಯ. ಕೂಪನ್ ನನ್ನ ಜೇಬಿನಲ್ಲಿದ್ದರೆ ಕೌಂಟರಿನ ಡ್ರಾಯರಿನಲ್ಲಿಲ್ಲ, ಡ್ರಾಯರಿನಲ್ಲಿದ್ದರೆ ನನ್ನ ಜೇಬಿನಲ್ಲಿಲ್ಲ. ಒಂದೇ ಸೀಟಿನ ಹಕ್ಕನ್ನು ಎರಡು ಸಲ ಖರ್ಚು ಮಾಡದಂತೆ ಕಾವಲು ಕಾಯಲು ಬೇರೆ ಯಾರೂ ಬೇಕಿರಲಿಲ್ಲ. ಅಮ್ಮ ಹೇಳಿದ್ದು ಇದನ್ನೇ. ಎಷ್ಟು ಬೇಕಾದರೂ ನಕಲು ಮಾಡಬಹುದಾದದ್ದು ಟಿಕೆಟ್ ಆಗುವುದಾದರೂ ಹೇಗೆ?

ಜಕ್ಕೂರಿನ ದಾರಿ

ಅಮೆರಿಕದಲ್ಲಿ ಇ-ಟಿಕೆಟ್ 1994ರಲ್ಲೇ ಬಂದಿತ್ತು. 1997ರಲ್ಲಿ ಐಎಟಿಎ ಅದಕ್ಕೊಂದು ಜಾಗತಿಕ ಮಾನದಂಡ ರೂಪಿಸಿತು. ಆದರೂ 2004ರಲ್ಲಿ ಜಗತ್ತಿನ ಐದರಲ್ಲಿ ನಾಲ್ಕು ಟಿಕೆಟ್ ಇನ್ನೂ ಕಾಗದದ್ದೇ. 2005ರಲ್ಲೂ ಐಎಟಿಎ ಏಜೆಂಟರಿಗಾಗಿ 28.5 ಕೋಟಿ ಕಾಗದದ ಟಿಕೆಟ್ ಅಚ್ಚು ಹಾಕಿಸಿತ್ತು. ಒಂದು ಕಾಗದದ ಟಿಕೆಟ್ ನಿಭಾಯಿಸಲು ಸುಮಾರು 10 ಡಾಲರ್, ಇ-ಟಿಕೆಟ್‌ಗೆ 1 ಡಾಲರ್ ಎಂಬುದು ಅದರದೇ ಲೆಕ್ಕ. ಇಷ್ಟು ಲಾಭ ಕಣ್ಣೆದುರಿಗಿದ್ದೂ ತಡವಾದದ್ದೇಕೆ?

ಉತ್ತರದ ಅರ್ಧ ನಮ್ಮ ಪಕ್ಕದಲ್ಲೇ ಇದೆ. ಹೆಬ್ಬಾಳ ದಾಟಿ ಯಲಹಂಕದ ಕಡೆ ಹೋಗುವಾಗ ಸಿಗುವ ಜಕ್ಕೂರು ಏರೋಡ್ರೋಮ್‌ನಿಂದ ಹೆಲಿಕಾಪ್ಟರ್ ಸೇವೆ ನಡೆಸುತ್ತಿದ್ದ, ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ಅಗ್ಗದ ದರದ ಆ ಕಂಪನಿಯಲ್ಲಿ ಕೆಂಪು ಕಾರ್ಬನ್ನಿನ ಪುಸ್ತಕಕ್ಕೆ ಜಾಗವಿರಲಿಲ್ಲ. ಫೋನಿನಲ್ಲೋ ಇಂಟರ್ನೆಟ್ಟಿನಲ್ಲೋ ಬುಕ್ ಮಾಡಿ, ಒಂದು ಹಾಳೆ ಹಿಡಿದು ಹೋದರೆ ಆಯಿತು. ಐಎಟಿಎ ಗಡುವಿಗೂ ಸುಮಾರು ಐದು ವರ್ಷ ಮೊದಲೇ ಹುಬ್ಬಳ್ಳಿ, ಮಂಗಳೂರಿನ ಪ್ರಯಾಣಿಕರು ಹೀಗೆ ಹಾರಾಡಿಬಿಟ್ಟರು.

ಅದು ಅಷ್ಟು ಸಲೀಸಾದದ್ದಕ್ಕೆ ಕಾರಣ ಸರಳ: ಆಗ ಅಗ್ಗದ ಕಂಪನಿ ಒಂಟಿ. ಅದರ ಟಿಕೆಟ್ ಹಿಡಿದು ಬೇರೆಯವರ ವಿಮಾನ ಹತ್ತುವಂತಿರಲಿಲ್ಲ, ಬೇರೆಯವರ ಟಿಕೆಟ್ ಅಲ್ಲಿ ನಡೆಯುತ್ತಿರಲಿಲ್ಲ. ಮಾರುವವನೂ ಹಾರಿಸುವವನೂ ಒಬ್ಬನೇ, ಕಡತವೂ ಒಂದೇ. ಹೆಸರಿನ ಮುಂದೆ ‘ಹತ್ತಿದ’ ಎಂದು ಗುರುತು ಹಾಕಿದರೆ ಅದೇ ಕೂಪನ್ ಹರಿದ ಹಾಗೆ. ಕಷ್ಟ ಶುರುವಾಗುವುದು ಮಾರಿದವರೊಬ್ಬರು, ಹಾರಿಸುವವರು ಇನ್ನೊಬ್ಬರು ಆದಾಗ. ಆಗ ಎರಡು ಕಡತ, ಎರಡು ಕಂಪ್ಯೂಟರ್, ಎರಡು ಊರು. ಹರಿಯುವ ಕೂಪನ್ ಮಾತ್ರ ಒಂದೇ ಇರಬೇಕು.

ಪಕ್ಕದ ಮನೆಯ ಬೀಗದ ಕೈ

ಇದನ್ನು ವಿಮಾನ ಕಂಪನಿಗಳು ಬಿಡಿಸಿಕೊಂಡ ಬಗೆ ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಊರಿಗೆ ಹೋಗುವ ನಮ್ಮ ರೂಢಿಯ ಹಾಗಿದೆ. ಮನೆ ನಮ್ಮದೇ. ಆದರೆ ಕೈ ಅವರ ಬಳಿ ಇರುವಷ್ಟು ಹೊತ್ತು ಬಾಗಿಲು ತೆಗೆಯುವವರು ಅವರು. ವಾಪಸ್ ಬಂದಾಗ ನಾವು ಅವರ ಬೆಲ್ ಒತ್ತಲೇಬೇಕು.

ಇ-ಟಿಕೆಟ್ ಎಂಬುದು ಮಾರಿದ ಕಂಪನಿಯ ಕಂಪ್ಯೂಟರಿನಲ್ಲಿರುವ ಒಂದು ದಾಖಲೆ. ಅದಕ್ಕೆ 13 ಅಂಕಿಯ ಸಂಖ್ಯೆ. ಮೊದಲ ಮೂರು ಅಂಕಿ ಕಂಪನಿಯ ಗುರುತು: 098 ಎಂದಿದ್ದರೆ ಏರ್ ಇಂಡಿಯಾ, 220 ಲುಫ್ತಾನ್ಸಾ, 176 ಎಮಿರೇಟ್ಸ್. ಅದರೊಳಗೆ ಕೂಪನ್‌ಗಳು, ಈಗಲೂ ಒಂದು ಸಂಖ್ಯೆಗೆ ಹೆಚ್ಚೆಂದರೆ ನಾಲ್ಕು. ಪುಸ್ತಕ ಹೋಗಿ ಇಷ್ಟು ವರ್ಷವಾದರೂ ಪುಸ್ತಕದಲ್ಲಿ ನಾಲ್ಕೇ ಹಾಳೆಯಿದ್ದ ನೆನಪು ಕಂಪ್ಯೂಟರಿಗೆ ಅಂಟಿಕೊಂಡಿದೆ. ಐದನೆಯ ವಿಮಾನ ಬಂದರೆ ಅದಕ್ಕೆ ಮುಂದಿನ ಸಂಖ್ಯೆಯ ಇನ್ನೊಂದು ಟಿಕೆಟ್ ಜೋಡಿಸುತ್ತಾರೆ.

ಪ್ರತಿ ಕೂಪನ್ನಿಗೂ ಒಂದು ಸ್ಥಿತಿಯಿದೆ, ಅದನ್ನು ಒಂದೊಂದು ಇಂಗ್ಲಿಷ್ ಅಕ್ಷರದಿಂದ ಗುರುತಿಸುತ್ತಾರೆ. ‘ಓ’ ಎಂದರೆ ಬಳಸಲು ಸಿದ್ಧ. ಹಾರಿಸುವ ಕಂಪನಿ ಪ್ರಯಾಣದ ದಿನ ಹತ್ತಿರವಾದಾಗ ಮಾರಿದವರಿಗೆ ಸಂದೇಶ ಕಳಿಸಿ ಕೂಪನ್ನಿನ ವಶ ಕೇಳುತ್ತದೆ, ಸಿಕ್ಕಿತೆಂದರೆ ‘ಎ’. ಚೆಕ್-ಇನ್ ಆದರೆ ‘ಸಿ’, ವಿಮಾನ ಹತ್ತಿದರೆ ‘ಎಲ್’, ಹಾರಾಟ ಮುಗಿದರೆ ‘ಎಫ್’. ಎಫ್ ಆದದ್ದು ಮತ್ತೆ ಓ ಆಗುವಂತಿಲ್ಲ. ವಶ ಪಾಲುದಾರರ ಕೈಗೆ ಹೋದ ಮೇಲೆ ಮಾರಿದ ಕಂಪನಿಯೂ ಅದನ್ನು ಮುಟ್ಟುವಂತಿಲ್ಲ. ದಿನಾಂಕ ಬದಲಿಸಬೇಕೆಂದರೆ ಮೊದಲು ಅವರಿಂದ ಬಿಡಿಸಿಕೊಳ್ಳಬೇಕು. ಈ ವಶಕ್ಕೆ ಅವರ ಭಾಷೆಯಲ್ಲಿ ‘ಕಂಟ್ರೋಲ್’ ಎನ್ನುತ್ತಾರೆ. ಕಾಗದದ ಕಾಲದಲ್ಲಿ ಕಂಟ್ರೋಲ್ ಪ್ರಯಾಣಿಕನ ಜೇಬಿನಲ್ಲಿತ್ತು. ಈಗ ಅದು ಎರಡು ಕಂಪನಿಗಳ ನಡುವೆ ಸಂದೇಶವಾಗಿ ಓಡಾಡುತ್ತದೆ.

ಸಂದೇಶ ದಾರಿಯಲ್ಲಿ ಕಳೆದುಹೋದರೆ? ಕಂಪ್ಯೂಟರ್ ವಿಜ್ಞಾನದಲ್ಲಿ ‘ಇಬ್ಬರು ಸೇನಾಪತಿಗಳು’ ಎಂಬ ಒಗಟು 1970ರ ದಶಕದಿಂದ ಪ್ರಸಿದ್ಧ. ಎರಡು ಬೆಟ್ಟಗಳ ಮೇಲೆ ಒಂದೇ ಪಕ್ಷದ ಎರಡು ದಂಡು, ನಡುವಿನ ಕಣಿವೆಯಲ್ಲಿ ಶತ್ರು. ಇಬ್ಬರೂ ಒಟ್ಟಿಗೆ ನುಗ್ಗಿದರೆ ಮಾತ್ರ ಗೆಲುವು. ಒಬ್ಬ ದೂತನನ್ನು ಕಳಿಸುತ್ತಾನೆ, ದೂತ ಸಿಕ್ಕಿಬೀಳಬಹುದು. ತಲುಪಿತೆಂದು ಇನ್ನೊಬ್ಬ ಉತ್ತರ ಕಳಿಸಿದರೆ ಆ ಉತ್ತರವೂ ಸಿಕ್ಕಿಬೀಳಬಹುದು. ಉತ್ತರ ತಲುಪಿತೆಂಬುದಕ್ಕೆ ಮತ್ತೊಂದು ಉತ್ತರ. ಎಷ್ಟು ದೂತರು ಓಡಾಡಿದರೂ ಇಬ್ಬರಿಗೂ ಪೂರ್ತಿ ಖಾತ್ರಿ ಎಂಬುದು ಬರುವುದೇ ಇಲ್ಲ ಎಂದು ಗಣಿತ ಸಾಧಿಸಿ ತೋರಿಸುತ್ತದೆ. ವಿಮಾನ ಕಂಪನಿಗಳು ಈ ಒಗಟನ್ನು ಬಿಡಿಸಿಲ್ಲ, ಪಕ್ಕಕ್ಕೆ ಸರಿಸಿವೆ. ಮೂಲ ದಾಖಲೆ ಯಾವತ್ತೂ ಮಾರಿದವರದೇ. ಪಾಲುದಾರರು ಕೇಳಿ ಪಡೆಯುವವರು. ಅನುಮಾನ ಬಂದರೆ ಮೂಲವೇ ಸರಿ. ಆಗಲೂ ಹೊಂದದಿದ್ದರೆ ಕೌಂಟರಿನ ಮನುಷ್ಯರು ಫೋನ್ ಎತ್ತುತ್ತಾರೆ.

ಐಎಟಿಎಯ ಗಡುವು ಮೊದಲು 2007ರ ಕೊನೆಗಿದ್ದು ಐದು ತಿಂಗಳು ಮುಂದಕ್ಕೆ ಹೋದದ್ದರ ಹಿಂದೆಯೂ ಇದೇ ಕೆಲಸವಿತ್ತು. ಯಾವ ಎರಡು ಕಂಪನಿ ಪಾಲುದಾರರಾದರೂ ಅವರಿಬ್ಬರ ವ್ಯವಸ್ಥೆಗಳನ್ನು ಬೆಸೆಯಬೇಕು. ಹತ್ತು ಕಂಪನಿಗಳಿದ್ದರೆ 45 ಜೋಡಿ, ನೂರಾದರೆ 4,950 ಜೋಡಿ. ಎಲ್ಲ ಜೋಡಿಗೂ ಒಪ್ಪಂದ ಇರುವುದಿಲ್ಲ, ನಿಜ. ಆದರೂ ಕಾಗದ ಈ ಯಾವ ಬೆಸುಗೆಯನ್ನೂ ಬೇಡದೆ, ಸುಮ್ಮನೆ ಜೇಬಿನಲ್ಲಿ ಕೂತು, ಅಷ್ಟೂ ಜೋಡಿಗಳ ನಡುವೆ ದುಡಿದಿತ್ತು.

ಬುಕ್ಕಿಂಗ್ ಇದೆ, ಟಿಕೆಟ್ ಇಲ್ಲ

ಕೆಲವು ವರ್ಷಗಳ ಹಿಂದೆ ಅಕ್ಕ ಭಾವ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟರು. ಕೊಬ್ಬರಿ, ಬಾಣಂತಿ ಖಾರದ ಪುಡಿ, ಮೆಂತ್ಯ ಎಲ್ಲ ಎರಡೆರಡು ಸಲ ತೂಗಿ ಸೂಟ್‌ಕೇಸಿಗೆ ಸೇರಿತ್ತು. ಬೆಂಗಳೂರಿನಿಂದ ಯೂರೋಪಿಗೆ ಒಂದು ಕಂಪನಿ, ಅಲ್ಲಿಂದ ಮಗಳ ಊರಿಗೆ ಅದರ ಪಾಲುದಾರ. ಎರಡು ತಿಂಗಳ ಮುಂಚೆ ಎರಡನೆಯ ವಿಮಾನದ ವೇಳೆ ಬದಲಾಗಿತ್ತು. ಹೊಸ ವೇಳೆ ಒಪ್ಪಿಗೆ ಎಂದು ಏಜೆಂಟ್ ಉತ್ತರಿಸಿದ್ದರು. ಭಾವನ ಮೊಬೈಲಿನಲ್ಲಿ ಎಲ್ಲವೂ ಹಸಿರು.

ಮಧ್ಯರಾತ್ರಿ ಕೌಂಟರಿನ ಹುಡುಗಿ ಪರದೆಯನ್ನು ಬಹಳ ಹೊತ್ತು ನೋಡಿದಳು. “ಸರ್, ಬುಕ್ಕಿಂಗ್ ಇದೆ. ಟಿಕೆಟ್ ಇಲ್ಲ.”

ಭಾವ ಹಾಳೆ ಮುಂದೆ ಚಾಚಿದರು. “ಇದೇನಮ್ಮ ಮತ್ತೆ?”

ಅಲ್ಲಿ ಆಗಿದ್ದು ಇಷ್ಟು. ಸೀಟು ಕಾದಿರಿಸಿದ ದಾಖಲೆ ಬೇರೆ, ದುಡ್ಡು ಕೊಟ್ಟ ದಾಖಲೆ ಬೇರೆ. ಮೊದಲನೆಯದು ಪಿಎನ್‌ಆರ್, ಆರು ಅಕ್ಷರದ್ದು. ಎರಡನೆಯದು 13 ಅಂಕಿಯ ಟಿಕೆಟ್. ವೇಳೆ ಬದಲಾದಾಗ ಪಿಎನ್‌ಆರ್ ಹೊಸ ವಿಮಾನಕ್ಕೆ ಸರಿದಿತ್ತು, ಕೂಪನ್ ಮಾತ್ರ ಹಳೆಯ ವಿಮಾನದ ಹೆಸರಿನಲ್ಲೇ ಉಳಿದಿತ್ತು. ಪಾಲುದಾರರ ಕಂಪ್ಯೂಟರ್ ವಶ ಕೇಳಿದಾಗ ಎರಡೂ ತಾಳೆಯಾಗಲಿಲ್ಲ. ಟಿಕೆಟನ್ನು ಹೊಸದಾಗಿ ಬರೆಯಬೇಕಿತ್ತು, ಬರೆದಿರಲಿಲ್ಲ. ಒಂದು ಗಂಟೆ ಫೋನು, ಅಕ್ಕನ ಕಣ್ಣಲ್ಲಿ ನೀರು, ಕೊನೆಗೆ ಹೊಸ ಸಂಖ್ಯೆ. ವಿಮಾನ ಸಿಕ್ಕಿತು.

ನಮ್ಮಲ್ಲಿ ಹೆಚ್ಚಿನವರು ಪಿಎನ್‌ಆರ್ ಅನ್ನೇ ಟಿಕೆಟ್ ಎಂದುಕೊಳ್ಳುತ್ತೇವೆ. ರೈಲಿನಿಂದ ಬಂದ ರೂಢಿ ಅದು. ವಿಮಾನದ ಪಿಎನ್‌ಆರ್ ಒಂದು ಕಂಪ್ಯೂಟರಿನ ವಿಳಾಸ ಮಾತ್ರ. ಅದೇ ಪ್ರಯಾಣಕ್ಕೆ ಪಾಲುದಾರರ ಕಂಪ್ಯೂಟರಿನಲ್ಲಿ ಬೇರೆಯೇ ಆರು ಅಕ್ಷರ ಇರಬಹುದು. 26 ಅಕ್ಷರ, ಹತ್ತು ಅಂಕಿ ಎಲ್ಲ ಬಳಸಿದರೂ ಆರು ಮನೆಗೆ ಸುಮಾರು 218 ಕೋಟಿ ಜೋಡಣೆಯಷ್ಟೇ. ಹಳೆಯವನ್ನೇ ಮತ್ತೆ ಮತ್ತೆ ಹಂಚುತ್ತಾರೆ.

ನಂಬಿಕೆ ತಪ್ಪಿದಾಗ

ಪಾಲುದಾರಿಕೆಯ ತಳದಲ್ಲಿರುವುದು ತಂತಿಯಲ್ಲ, ದುಡ್ಡು. ಬೆಂಗಳೂರಿನ ಯುಬಿ ಸಮೂಹದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಫೆಬ್ರವರಿ 10ರಂದು ಒನ್‌ವರ್ಲ್ಡ್ ಎಂಬ ಅಂತರರಾಷ್ಟ್ರೀಯ ಕೂಟ ಸೇರಬೇಕಿತ್ತು. ಅದಕ್ಕೆ ಕೆಲವೇ ದಿನ ಮೊದಲು, ಬಾಕಿ ಸಂದಾಯವಾಗದ ಕಾರಣ ಐಎಟಿಎ ಅದನ್ನು ಕ್ಲಿಯರಿಂಗ್ ಹೌಸಿನಿಂದ ಅಮಾನತಿನಲ್ಲಿಟ್ಟಿತು. ಕೂಟದ ಪ್ರವೇಶ ನಿಂತಿತು. ಮಾರ್ಚ್‌ನಲ್ಲಿ ಐಎಟಿಎ ಏಜೆಂಟರ ಮೂಲಕ ಟಿಕೆಟ್ ಮಾರುವ ದಾರಿಯೂ ಮುಚ್ಚಿತು, ಅಕ್ಟೋಬರಿಗೆ ಹಾರಾಟವೇ ನಿಂತಿತು. ಲೆಕ್ಕ ಚುಕ್ತಾ ಆಗುವುದಿಲ್ಲ ಎಂದಾದರೆ ಪಾಲುದಾರನಿಗೆ ಇನ್ನೊಬ್ಬರ ಕೂಪನ್ ‘ಓ’ ಎಂದು ತೋರಿಸಿದರೂ ಉಪಯೋಗವಿಲ್ಲ. ಕಾಗದದ ಕಾಲದಲ್ಲೂ ಸತ್ಯ ಇದೇ ಆಗಿತ್ತು. ಕಾಗದ ಅದನ್ನು ಮರೆಸುತ್ತಿತ್ತು, ಅಷ್ಟೆ.

ಏರ್ ಇಂಡಿಯಾ 2014ರ ಜುಲೈನಲ್ಲಿ ಇಂಥದೇ ಇನ್ನೊಂದು ಕೂಟವಾದ ಸ್ಟಾರ್ ಅಲಯನ್ಸ್ ಸೇರಿತು. ದೇವನಹಳ್ಳಿಯಲ್ಲಿ ಸೂಟ್‌ಕೇಸ್ ಕೊಟ್ಟು ಎರಡು ಕಂಪನಿ ದಾಟಿ ಕಡೆಯ ಊರಿನಲ್ಲಿ ಎತ್ತಿಕೊಳ್ಳುವುದು ಈಗ ಎಷ್ಟೋ ಮನೆಗಳಿಗೆ ಮಾಮೂಲು. ಆದರೆ ಯಂತ್ರಕ್ಕೂ ಕೆಮ್ಮು ಬರುತ್ತದೆ. 2019ರ ಏಪ್ರಿಲ್ 27ರಂದು ಪ್ರಯಾಣಿಕರ ದಾಖಲೆ ನಿಭಾಯಿಸುವ ಸಿಟಾ ಸಂಸ್ಥೆಯ ಸರ್ವರ್ ಕೆಟ್ಟು ಏರ್ ಇಂಡಿಯಾದ ಚೆಕ್-ಇನ್ ಗಂಟೆಗಟ್ಟಲೆ ನಿಂತಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಕೈಕೊಟ್ಟ ಗೊಂದಲದಲ್ಲಿ ನಮ್ಮ ದೇಶದ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಕೆಂಪು ಕಾರ್ಬನ್ ಇರಲಿಲ್ಲ ಎನ್ನುವುದು ಬಿಟ್ಟರೆ ಉಳಿದದ್ದೆಲ್ಲ ಹಳೆಯ ಕಾಲದ ಹಾಗೇ.

‘ಇ’ ಎಂಬ ಒಂದು ಅಕ್ಷರ

ಕಾಗದ ಪೂರ್ತಿ ಹೋಯಿತೇ? ಬೋರ್ಡಿಂಗ್ ಪಾಸಿನ ಚುಕ್ಕಿಗೆರೆಯ ಬಾರ್‌ಕೋಡನ್ನು ಮೊಬೈಲಿನಲ್ಲಿ ಓದಿ ನೋಡಿ, ಒಂದೇ ಉದ್ದ ಸಾಲು ಬರುತ್ತದೆ. ಹೆಸರಿಗೆ ಮೀಸಲು 20 ಮನೆ; ತಂದೆಯ ಹೆಸರು, ಊರು ಎಲ್ಲ ಸೇರಿದ ನಮ್ಮ ಹೆಸರುಗಳು ಅಲ್ಲಿ ಬಾಲ ಕಡಿದುಕೊಂಡು ನಿಂತಿರುತ್ತವೆ. ಆಮೇಲೆ ಪಿಎನ್‌ಆರ್, ಊರುಗಳು, ವಿಮಾನದ ಸಂಖ್ಯೆ. ದಿನಾಂಕ ಮೂರೇ ಅಂಕಿ, ವರ್ಷದ ಎಷ್ಟನೆಯ ದಿನ ಎಂದು: ಹೊಸ ನಿಲ್ದಾಣ ತೆರೆದ 2008ರ ಮೇ 24 ಅದರ ಲೆಕ್ಕದಲ್ಲಿ 145. ಹೆಸರಿಗೂ ಪಿಎನ್‌ಆರ್‌ಗೂ ನಡುವೆ ಒಂಟಿಯಾಗಿ ಒಂದು ಇಂಗ್ಲಿಷ್ ‘ಇ’ ಇರುತ್ತದೆ. ಈ ಪ್ರಯಾಣಿಕನ ಟಿಕೆಟ್ ಎಲೆಕ್ಟ್ರಾನಿಕ್, ಕಾಗದದ ಕೂಪನ್ ಕೇಳಬೇಡಿ ಎಂದು ಗೇಟಿನ ಸಿಬ್ಬಂದಿಗೆ ಹೇಳುವ ಗುರುತು. ಕೇಳುವವರು ಯಾರೂ ಉಳಿದಿಲ್ಲ, ಆದರೂ ಅದು ಹೇಳುತ್ತಲೇ ಇದೆ.

ಇತ್ತ ಆರ್.ಟಿ. ನಗರದಲ್ಲೂ ಕಾಗದ ಸೋತಿಲ್ಲ. ಮುಖವನ್ನೇ ಗುರುತು ಹಿಡಿದು ಒಳಗೆ ಬಿಡುವ ಡಿಜಿಯಾತ್ರೆ ಬೆಂಗಳೂರಿಗೆ ಬಂದದ್ದು 2022ರ ಡಿಸೆಂಬರ್‌ನಲ್ಲಿ. ಆದರೂ ವಯಸ್ಸಾದವರು ಹೊರಡುವ ಹಿಂದಿನ ಸಂಜೆ ಜೆರಾಕ್ಸ್ ಅಂಗಡಿಗೆ ಬಂದೇ ಬರುತ್ತಾರೆ. ಮೊಬೈಲಿನ ಚಾರ್ಜು ಹೋದರೆ ಟರ್ಮಿನಲ್ ಬಾಗಿಲಲ್ಲಿ ಏನು ತೋರಿಸುವುದು ಎಂಬ ಭಯ ಸುಳ್ಳಲ್ಲ. ಹೋದ ತಿಂಗಳು ಅಮ್ಮನ ಟಿಕೆಟ್ ಹಿಡಿದು ನಾನೂ ಅಲ್ಲೇ ನಿಂತಿದ್ದೆ.

“ಅಂಕಲ್, ಕಲರಾ, ಬ್ಲಾಕ್ ಅಂಡ್ ವೈಟಾ?”

“ಬ್ಲಾಕ್ ಅಂಡ್ ವೈಟ್ ಸಾಕಪ್ಪ.”

ಹುಡುಗ ಹಾಳೆ ತೆಗೆದು, ಕೇಳದೇ ಹಳದಿ ಹೈಲೈಟರ್ ಎತ್ತಿ, ಮೇಲಿನ ಆರು ಅಕ್ಷರಕ್ಕೆ ಗೆರೆ ಎಳೆಯಲು ಹೋದ. ಎಲ್ಲರಿಗೂ ಹಾಗೇ ಮಾಡಿಕೊಡುತ್ತಾನಂತೆ. ನಾನು ಕೆಳಗೆ, ದರದ ಪಟ್ಟಿಯ ಪಕ್ಕ ಸಣ್ಣಕ್ಷರದಲ್ಲಿದ್ದ 13 ಅಂಕಿಯ ಮೇಲೆ ಬೆರಳಿಟ್ಟೆ. “ಇದಕ್ಕೂ ಒಂದು ಗೆರೆ ಎಳಿ.”

“ಇದೇನ್ ನಂಬರ್ ಅಂಕಲ್?”

“ಟಿಕೆಟ್ಟು.”

ಅವನು ಹಾಳೆಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದ. “ಮತ್ತೆ ಇದು ಪೂರ್ತಿ ಏನು?”

ಅಮ್ಮನಿಗೆ ಕೊಡಬೇಕಿದ್ದ ಉತ್ತರ ನೆನಪಾಯಿತು. ಪೂರ್ತಿ ಹಾಳೆ, ಬೀಗದ ಕೈ ಯಾರ ಮನೆಯಲ್ಲಿ ಕೊಟ್ಟಿದ್ದೇವೆ ಎಂದು ಬರೆದಿಟ್ಟುಕೊಂಡ ಚೀಟಿ. ಕಳೆದುಹೋದರೆ ಇನ್ನೊಂದು ಬರೆದುಕೊಳ್ಳಬಹುದು. ಆದರೆ ಯಾರ ಮನೆ ಎಂಬುದು ತಪ್ಪಾಗಿದ್ದರೆ ಎಷ್ಟು ಚೀಟಿ ಇದ್ದರೂ ಬಾಗಿಲು ತೆಗೆಯುವುದಿಲ್ಲ. ಅಷ್ಟು ಹೇಳುವ ಮುಂಚೆ ಹಿಂದಿನವರು ಆಧಾರ್ ಜೆರಾಕ್ಸಿಗೆ ಕೈ ಚಾಚಿದ್ದರು. ಹುಡುಗ 13 ಅಂಕಿಗೂ ಹಳದಿ ಬಳಿದು ಹಾಳೆ ಮಡಚಿ ಕೊಟ್ಟ.